ತಗ್ಗು ಬಂತು, ಹಿಡಿ

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ಟೀವಿ ಕೆಡಬಹುದಿತ್ತು. ಟೀವಿ ನೆಟ್ಟಗಿದ್ದು, ಅದಕ್ಕೂ ಆಟದ ಪೆಟ್ಟಿಗೆಗೂ ನಡುವಿನ ವೈರು ಸಡಿಲಾಗಬಹುದಿತ್ತು. ಚಿತ್ರ ಹಿಡಿಯುತ್ತಿರುವ ಫೋನಿಗೆ ಯಾರೋ ಬೀಗರು ಕರೆ ಮಾಡಿ ಅರ್ಧ ಗಂಟೆ ಕುಶಲ ಕೇಳಬಹುದಿತ್ತು. ಅಕ್ಕನ ಹೆಬ್ಬೆರಳು ಆಟದ ನಡುವೆಯೇ ಕಚ್ಚಿಕೊಂಡು ನಿಲ್ಲಬಹುದಿತ್ತು. ನನಗೆ ಸೀನು ಬರಬಹುದಿತ್ತು. ಸೀನುವಾಗ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಮುಗಿಯಿತು. ಬೆಕ್ಕು ಬರಬಹುದಿತ್ತು. ಅಕ್ಕನ ಮನೆಯಲ್ಲಿ ಬೆಕ್ಕಿಲ್ಲ, ಆದರೆ ಬೆಕ್ಕು ಬರುವುದಕ್ಕೆ ಸಾಕಿರಲೇಬೇಕು ಎಂದೇನಿಲ್ಲವಲ್ಲ. ಇದೆಲ್ಲಕ್ಕೂ ಮೊದಲು, ನಾನು ಕೂತ ಬಸ್ಸು ಸಸ್ತಾಪುರ ಬಂಗ್ಲಾದ ಕ್ರಾಸಿನಲ್ಲೇ ಪಂಕ್ಚರಾಗಿ, ನಾನು ಹುಮನಾಬಾದನ್ನೇ ಮುಟ್ಟದಿರಬಹುದಿತ್ತು.

ಆ ರವಿವಾರ ಬೆಳಿಗ್ಗೆ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಷ್ಟನ್ನೂ ನಾನು ಯೋಚಿಸಿದ್ದೆ. ಇನ್ನೂ ಯೋಚಿಸುತ್ತಿದ್ದೆ, ಅಷ್ಟರಲ್ಲಿ ಬಸ್ಸು ಬಂತು. ಯಾವ ಘನಕಾರ್ಯಕ್ಕೆ ಹೊರಟಿದ್ದೆ ಎಂದು ನೀವು ಕೇಳಿದರೆ ಹೇಳಲು ಸ್ವಲ್ಪ ನಾಚಿಕೆ. ತಲೆಯಲ್ಲಿ ಅರ್ಧ ಕೂದಲಿಲ್ಲದ, ಊರಲ್ಲಿ ಚಶ್ಮಾದ ಅಂಗಡಿ ಇಟ್ಟುಕೊಂಡು ನಾಲ್ಕು ಜನಕ್ಕೆ ದೂರದ್ದು ಹತ್ತಿರದ್ದು ಕಾಣಿಸುವ ನಾನು, ಅಕ್ಕನ ಮನೆಗೆ ವಿಡಿಯೋ ಗೇಮ್ ಆಡಲು ಹೊರಟಿದ್ದೆ. ಅದೂ ಸುಮ್ಮನೆ ಆಡುವುದಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ, ಆದಷ್ಟು ಬೇಗ ಮುಗಿಸುವುದು. ಇದನ್ನು ಸ್ಪೀಡ್‌ರನ್ ಎನ್ನುತ್ತಾರೆ. ಜಗತ್ತಿನಲ್ಲಿ ಇದನ್ನೇ ಹಗಲೂ ಇರುಳೂ ಮಾಡುವವರಿದ್ದಾರೆ ಎಂದು ನನಗೆ ತಿಳಿಸಿದವಳು ಅಕ್ಕನೇ.

ನನ್ನ ಅಕ್ಕ ಕಮಲಾಬಾಯಿ ನನಗಿಂತ ನಾಲ್ಕು ವರ್ಷ ದೊಡ್ಡವಳು, ನಾಲ್ಕು ಪಟ್ಟು ಧೈರ್ಯವಂತೆ. ನಾವು ಚಿಕ್ಕವರಿದ್ದಾಗ ಅಪ್ಪ ಹೈದರಾಬಾದಿಗೆ ಹೋದವರು ಒಂದು ಟೀವಿ ಗೇಮಿನ ಪೆಟ್ಟಿಗೆ ತಂದಿದ್ದರು. ಜೊತೆಗೆ ಒಂದೇ ಕ್ಯಾಸೆಟ್ಟು. ಅದರ ಮೇಲಿನ ಚೀಟಿ ಹರಿದಿತ್ತಾದ್ದರಿಂದ ಆಟದ ಹೆಸರು ನಮಗೆ ಗೊತ್ತಾಗಲೇ ಇಲ್ಲ. ಕೊಡೆ ಹಿಡಿದ ಗಿಡ್ಡ ಮನುಷ್ಯನೊಬ್ಬ ಎಡದಿಂದ ಬಲಕ್ಕೆ ಓಡುತ್ತಾನೆ, ತಗ್ಗು ಬಂದಲ್ಲಿ ಜಿಗಿಯುತ್ತಾನೆ, ಬಾವಲಿ ಬಂದಲ್ಲಿ ಬಗ್ಗುತ್ತಾನೆ, ಹೀಗೆ ಒಂದಾದ ಮೇಲೊಂದು ಕೋಟೆ ದಾಟುತ್ತಾನೆ. ಅವನಿಗೆ ಕುಳ್ಳಪ್ಪ ಎಂದು ನಾವೇ ಹೆಸರಿಟ್ಟೆವು. ಗುಂಡಿಗಳಿರುವ ಹಿಡಿಕೆಗೆ ರಿಮೋಟು ಎಂದೆವು. ಎರಡು ಹೆಸರೂ ಇವತ್ತಿಗೂ ಬದಲಾಗಿಲ್ಲ.

ಸಪಾಟು ನೆಲ ಇರುವತನಕ ಕುಳ್ಳಪ್ಪನನ್ನು ಓಡಿಸುವವನು ನಾನು. ತಗ್ಗಿನ ಅಂಚು ಪರದೆಯ ಬಲಗಡೆ ಇಣುಕಿದರೆ ಸಾಕು, ರಿಮೋಟು ಕೆಂಡವಾದಂತೆ ಅಕ್ಕನ ಉಡಿಗೆ ಎಸೆಯುತ್ತಿದ್ದೆ.

"ಅಕ್ಕಾ, ತಗ್ಗು ಬಂತು, ಹಿಡಿ!"

ಅಕ್ಕ ಹಿಡಿಯುತ್ತಿದ್ದಳು. ಬಾಯಲ್ಲಿ ಹುಣಸೆಕಾಯಿ ಕಚ್ಚಿಕೊಂಡೇ ಜಿಗಿಸುತ್ತಿದ್ದಳು. ಆಚೆ ದಂಡೆಗೆ ಕುಳ್ಳಪ್ಪನ ಕಾಲು ತಾಗಿದ ಮೇಲೆ ರಿಮೋಟನ್ನು ನನಗೆ ವಾಪಸು ಕೊಟ್ಟು, "ತಗೊ, ಮುಂದ ಸಪಾಟ ಅದ, ಓಡು" ಅನ್ನುತ್ತಿದ್ದಳು. ಆಟ ಅಂದರೆ ಇಬ್ಬರು ಆಡುವುದೇ ಹೀಗೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಜಿಗಿಯುವ ವಿಷಯದಲ್ಲಿ ನಾನು ಪರದೆಯ ಹೊರಗೂ ಹಾಗೆಯೇ. ನಮ್ಮೂರ ಕೋಟೆಯಲ್ಲಿ ಒಂದು ಮುರಿದ ಗೋಡೆಯಿತ್ತು. ಓಣಿಯ ಮಕ್ಕಳೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವವರು. ಅಕ್ಕ ಲಂಗ ಎತ್ತಿ ಕಟ್ಟಿ ಅವರೆಲ್ಲರಿಗಿಂತ ಮೊದಲು ಹಾರುವವಳು. ನಾನು ಕೆಳಗಿಳಿದು, ಮುಳ್ಳುಕಂಟಿ ಸುತ್ತಿ, ಆಚೆ ಹತ್ತಿ ಬರುವವನು. ನಾನು ತಲುಪುವ ಹೊತ್ತಿಗೆ ಆಟ ಮುಗಿದು ಅವರು ಮನೆಗೆ ಹೊರಟಿರುತ್ತಿದ್ದರು. ಸುತ್ತಿ ಬಂದದ್ದರಿಂದ ನನಗೆ ಕೋಟೆಯ ತಳ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಎಂದು ಈಗಲೂ ಸಮಾಧಾನ ಮಾಡಿಕೊಳ್ಳುತ್ತೇನೆ.

ಅಕ್ಕನ ಮದುವೆಯಾಗಿ ಅವಳು ಹುಮನಾಬಾದಿಗೆ ಹೋದ ಮೇಲೆ ಪೆಟ್ಟಿಗೆ ಮೂಲೆ ಸೇರಿತು. ಜಿಗಿಸುವವರಿಲ್ಲದ ಮನೆಯಲ್ಲಿ ಕುಳ್ಳಪ್ಪ ಎಷ್ಟು ದೂರ ಹೋದಾನು? ಮೊದಲ ತಗ್ಗಿನ ತನಕ ಓಡುತ್ತಿದ್ದ, ಬೀಳುತ್ತಿದ್ದ. ಒಂದು ದಿನ ನಾನೇ ವೈರು ಸುತ್ತಿ ಇಟ್ಟುಬಿಟ್ಟೆ.

ಈಚೆಗೆ ಒಮ್ಮೆ ಅಕ್ಕ ಅವರೆಕಾಯಿ ಸುಲಿಯುತ್ತ ಫೋನು ನೋಡುತ್ತಿದ್ದಾಗ, ಯಾವುದೋ ದೇಶದವನೊಬ್ಬ ನಮ್ಮ ಕುಳ್ಳಪ್ಪನನ್ನು ಓಡಿಸುತ್ತಿರುವುದು ಕಂಡಿತಂತೆ. ಅಕ್ಕನ ಬುಟ್ಟಿಯ ಅವರೆಕಾಯಿ ಮುಗಿಯುವುದರೊಳಗೆ ಅವನು ಇಡೀ ಆಟ ಮುಗಿಸಿದ್ದ. ಅಕ್ಕ ನನಗೆ ಫೋನು ಮಾಡಿದ ದನಿ ಕೇಳಿ ಯಾರೋ ತೀರಿಹೋದರೆಂದು ನಾನು ಕುರ್ಚಿ ಹಿಡಿದುಕೊಂಡೆ.

"ತಮ್ಮಾ, ನಾವು ಎರಡನೇ ಕೋಟಿ ಸೈತ ದಾಟಿದ್ದಿಲ್ಲಲ್ಲೋ! ಇಂವಾ ಹತ್ತನೇ ಕೋಟಿಯೊಳಗ ಹೋಗಿ ಕೊಡಿ ಮಡಚಿಟ್ಟು ಕುಂತಾನ!"

ಒಂದು ವಾರದೊಳಗೆ ಅದೇ ನಮೂನೆಯ ಹೊಸ ಪೆಟ್ಟಿಗೆಯೊಂದನ್ನು ತರಿಸಿದಳು. ನನಗೂ ಒಂದು ತರಿಸಿ ಬಸ್ಸಿನ ಕಂಡಕ್ಟರರ ಕೈಲಿ ಕಳಿಸಿದಳು. ಬೇಗ ಮುಗಿಸಿದವರ ಹೆಸರುಗಳನ್ನು ಬರೆದಿಡುವ ಪಟ್ಟಿಯೊಂದು ಇಂಟರ್ನೆಟ್ಟಿನಲ್ಲಿದೆ ಎಂದೂ, ಅದರಲ್ಲಿ ಒಂದೇ ರಿಮೋಟನ್ನು ಇಬ್ಬರು ಹಂಚಿಕೊಂಡು ಆಡುವವರಿಗೆ ಬೇರೆಯೇ ಸಾಲಿದೆ ಎಂದೂ ಕಂಡುಹಿಡಿದಳು. "ಇದು ನಮ್ಮ ಸಾಲಪಾ. ಇದನ್ನ ನಮಗಂತನೇ ಇಟ್ಟಾರ" ಎಂದಳು. ನಿಯಮ ಸರಳ: ಮೊದಲಿನಿಂದ ಕೊನೆಯವರೆಗೆ ಕತ್ತರಿಸದ ಚಿತ್ರ ಕಳಿಸಬೇಕು, ರಿಮೋಟು ಹಿಡಿದ ಕೈಗಳು ಅದರಲ್ಲಿ ಕಾಣಬೇಕು. ಚಳಿಗಾಲದಲ್ಲಿ ಒಮ್ಮೆ ಆಡಿ ಕಳಿಸಿದೆವು. ನಮ್ಮ ಹೆಸರು ಬಂತು. ಎಲ್ಲರಿಗಿಂತ ಕೆಳಗೆ. ನಮಗಿಂತ ಒಂದು ಮೆಟ್ಟಿಲು ಮೇಲೆ ಯಾವುದೋ ಊರಿನ ಅಪ್ಪ-ಮಗಳ ಜೋಡಿ.

"ಕೊನೀಗೆ ನಿಂತು ನಿಂತು ನನ್ನ ಕಾಲು ನೋಯಾಕತ್ತಾವ" ಎಂದು ಅಕ್ಕ ಪ್ರತಿ ಫೋನಿನಲ್ಲೂ ಹೇಳುವಳು. "ಆ ಅಪ್ಪ-ಮಗಳನ್ನ ಒಂದು ಸರ್ತಿ ಹಿಂದ ಹಾಕಿದ್ರ ಸಾಕು. ಮ್ಯಾಲಿನವ್ರು ಮ್ಯಾಲೇ ಇರಲಿ, ಪಾಪ."

ಅಷ್ಟರಲ್ಲಿ ಅವಳ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಮಡಚಿದರೆ ಮಡಚಿದಂತೆಯೇ ಕಚ್ಚಿಕೊಳ್ಳುತ್ತದೆ. ಎಡಗೈಯಿಂದ ಹಿಡಿದು ಬಿಡಿಸಿದರೆ ಟಕ್ ಎಂದು ಸದ್ದು ಮಾಡಿ ನೆಟ್ಟಗಾಗುತ್ತದೆ. ಡಾಕ್ಟರು ಸಣ್ಣದೊಂದು ಆಪರೇಷನ್ ಎಂದರು. ಮುಂದಿನ ತಿಂಗಳ ಒಂದು ಸೋಮವಾರ ಎಂದರು. ಆಮೇಲೆ ಬಹಳ ದಿನ ಗುಂಡಿ ಗಿಂಡಿ ಒತ್ತುವಂತಿಲ್ಲ ಎಂದರು. ಮೊದಲಿನ ಚುರುಕು ಬರುತ್ತದಾ ಎಂದು ಅಕ್ಕ ಕೇಳಿದ್ದಕ್ಕೆ, "ರೊಟ್ಟಿ ಬಡಿಯೋದಕ್ಕಂತೂ ಬರ್ತದ ನೋಡ್ರಿ" ಎಂದರಂತೆ. ಅಕ್ಕ ಕೇಳಿದ್ದು ರೊಟ್ಟಿಯ ವಿಷಯ ಅಲ್ಲ.

ಹೀಗಾಗಿ ಸೋಮವಾರಕ್ಕಿಂತ ಮೊದಲು ಬರುವ ರವಿವಾರವೇ ಕೊನೆಯ ಅವಕಾಶವಾಯಿತು. ಕಚ್ಚುವ ಹೆಬ್ಬೆರಳಿನಿಂದ ಓಡಿಸುವುದು ಆಗುತ್ತದೆ, ದೊಡ್ಡ ಜಿಗಿತಗಳು ಆಗುವುದಿಲ್ಲ. ಆದ್ದರಿಂದ ಅಕ್ಕ ಕೆಲಸ ಅದಲುಬದಲು ಮಾಡಿದಳು. ಸಪಾಟು ನೆಲ ಅವಳಿಗೆ. ತಗ್ಗುಗಳೆಲ್ಲ ನನಗೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮೊದಲೂ ಇರಲಿಲ್ಲ, ಆದರೆ ಆಗ ಅದಕ್ಕೊಂದು ಕಾರಣ ಹುಡುಕಬೇಕಾಗುತ್ತಿತ್ತು.

ಜಿಗಿಯುವುದರಲ್ಲಿ ಇಷ್ಟು ವಿಧಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಮೋಟು ಜಿಗಿತ, ಒತ್ತಿ ಹಿಡಿದರೆ ಉದ್ದ ಜಿಗಿತ. ಇದು ಎಲ್ಲರಿಗೂ ಗೊತ್ತು. ಗೋಡೆಗೆ ಡಿಕ್ಕಿ ಹೊಡೆದು, ಜಾರಿ ಬೀಳುವುದರೊಳಗೆ ಎದುರು ದಿಕ್ಕಿಗೆ ಚಿಮ್ಮುವುದು ಗ್ವಾಡಿ ಜಿಗಿತ. ಬೇಕೆಂದೇ ಬಾವಲಿಯಿಂದ ಪೆಟ್ಟು ತಿಂದು, ಆ ಪೆಟ್ಟಿನ ರಭಸದಲ್ಲೇ ಆಚೆ ದಂಡೆಗೆ ಹಾರಿ ಬೀಳುವುದು ಪೆಟ್ಟಿನ ಜಿಗಿತ. ಬೇಕೆಂದೇ ಪೆಟ್ಟು ತಿನ್ನುವುದು! ಜೀವಮಾನವಿಡೀ ಪೆಟ್ಟು ತಪ್ಪಿಸಿಕೊಳ್ಳಲು ಸುತ್ತಿ ಸುತ್ತಿ ಬಂದವನಿಗೆ ಹೀಗೆ ಹೇಳಿದರೆ ಹೇಗೆ? ಆದರೂ ಅದನ್ನು ಕಲಿತೆ. ಕಣ್ಣು ಅರ್ಧ ಮುಚ್ಚಿಕೊಂಡು ಕಲಿತೆ.

ಕಲಿಯಲಾಗದೆ ಉಳಿದದ್ದು ಅಂಚಿನ ಜಿಗಿತ. ಕುಳ್ಳಪ್ಪನ ಕಾಲು ನೆಲದ ಅಂಚನ್ನು ದಾಟಿ ಗಾಳಿಗೆ ಬಂದ ಮೇಲೂ, ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು, ಅವನಿನ್ನೂ ನೆಲದ ಮೇಲಿದ್ದಾನೆ ಎಂದೇ ಆಟ ನಂಬುತ್ತದೆ. ಆ ಹೊತ್ತಿನಲ್ಲಿ ಗುಂಡಿ ಒತ್ತಿದರೆ ಜಿಗಿತ ಎಲ್ಲಕ್ಕಿಂತ ದೂರ ಹೋಗುತ್ತದೆ. ಕೊನೆಯ ಕೋಟೆಯ ದೊಡ್ಡ ತಗ್ಗು ದಾಟುವುದಕ್ಕೆ ಬೇರೆ ದಾರಿಯಿಲ್ಲ. ನಾನೋ, ಅಂಚು ಇನ್ನೂ ಮಾರು ದೂರವಿರುವಾಗಲೇ ಒತ್ತಿಬಿಡುತ್ತಿದ್ದೆ.

"ನೆಲ ಮುಗಿದ ಮ್ಯಾಲೆ ಒತ್ತೋ ತಮ್ಮಾ" ಅಕ್ಕ ಫೋನಿನಲ್ಲಿ ಹೇಳುವಳು.

"ನೆಲ ಮುಗಿದ ಮ್ಯಾಲೆ ಏನ್ ಒತ್ತಲಿ ಅಕ್ಕಾ, ಮಣ್ಣು?"

"ಜಿಗ್ಯೋಕಿಂತ ಮೊದಲೇ ಬೀಳಾಕತ್ತೀದಿ ನೀ. ಮೊದಲಿಂದನೂ ಹಂಗೇ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಸಣ್ಣ ಟೀವಿ ಇಟ್ಟು ಅಭ್ಯಾಸ ಶುರುಮಾಡಿದೆ. ಗಿರಾಕಿ ಬಂದರೆ ಹೊರಗೆ, ಹೋದರೆ ಒಳಗೆ. ಆದರೆ ಹೆಬ್ಬೆರಳು ಹೊರಗೆ ಬಂದ ಮೇಲೂ ಗಾಳಿಯಲ್ಲಿ ಒತ್ತುತ್ತಲೇ ಇರುತ್ತಿತ್ತು. ಒಂದು ದಿನ ಮಂಠಾಳದ ಹಿರಿಯರೊಬ್ಬರು ಕಣ್ಣು ತೋರಿಸಲು ಕೂತಿದ್ದವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಏನ್ರಿ ಚಶ್ಮಾದವರ, ಕೈ ಯಾಕ ಹಂಗ ನಡಗಾಕತ್ತದ?"

"ನಡಗಾಕತ್ತಿಲ್ರಿ ಕಾಕಾ, ಜಿಗ್ಯಾಕತ್ತದ."

ಅವರು ಮೆಲ್ಲಗೆ ಎದ್ದು ರುಮಾಲು ಸರಿಮಾಡಿಕೊಂಡರು. "ಹಂಗಾರ ಅದು ನಿಂತ ಮ್ಯಾಲೆ ಬರ್ತೀನಿ ತಗೋರಿ. ನನಗ ಇರೋದು ಎರಡೇ ಕಣ್ಣು."

ಕೈ ಮಾತ್ರವೇ ಆದರೆ ಸರಿ. ನನ್ನ ನಿಜವಾದ ಚಟ ಕಾಲಿನದು. ಕೂತಲ್ಲಿ ಎಡಗಾಲು ತಾನಾಗಿ ಅಲ್ಲಾಡುತ್ತದೆ. ಬಸ್ಸಿನಲ್ಲಿ ಕೂತರೆ ಪಕ್ಕದವರು ಇಂಜಿನ್ನನ್ನು ಬೈಯುತ್ತಾರೆ. "ಕುಂತಲ್ಲೆ ಕಾಲು ಅಲ್ಲಾಡಸಬ್ಯಾಡೋ, ಮನ್ಯಾಗಿನ ಲಕ್ಷ್ಮಿ ಎದ್ದು ಹೋಗ್ತಾಳ" ಎಂದು ಅವ್ವ ತೊಡೆಗೆ ಹೊಡೆಯುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಗೆ ಬಂದದ್ದನ್ನೇ ನಾನು ನೋಡಿರಲಿಲ್ಲ. ಆದರೆ ಬಂದಿದ್ದು ನನ್ನಿಂದಲೇ ಹೋದಳೇನೋ ಎಂಬ ಚಿಂತೆ ಮಾತ್ರ ಅಂದಿನಿಂದಲೂ ಇದೆ.

ರವಿವಾರ ರವಿವಾರ ಹುಮನಾಬಾದಿಗೆ ಹೋಗಿ ಅಕ್ಕನ ಜೊತೆ ಕೂತು ಅಭ್ಯಾಸ ಮಾಡಿದಾಗ ಹೊಸ ಸಂಕಟಗಳು ಹುಟ್ಟಿದವು. ಕುಳ್ಳಪ್ಪ ನೆಲದ ಮೇಲೆ ನಿಂತಿರುವಾಗ ರಿಮೋಟು ದಾಟಿಸಿದರೆ ಹೊತ್ತು ಹಾಳು. ಅವನು ಗಾಳಿಯಲ್ಲಿರುವಾಗ ಒತ್ತುವುದಕ್ಕೇನೂ ಇರುವುದಿಲ್ಲವಾದ್ದರಿಂದ, ಅಕ್ಕ ಅವನನ್ನು ಸಣ್ಣ ಮೆಟ್ಟಿಲೊಂದರಿಂದ ಹಾರಿಸಿ, ಅವನು ನೆಲ ಮುಟ್ಟುವುದರೊಳಗೆ ನನ್ನ ಕೈಗೆ ಕೊಡಬೇಕು. ನಾನು ಅವಳ ಬಲಕ್ಕೆ ಕೂತಿದ್ದೆ. ಅವಳು ಬಲಗೈಲಿ ಕೊಟ್ಟರೆ ನನಗೆ ಹತ್ತಿರವಿದ್ದದ್ದು ಎಡಗೈ. ಹಿರಿಯರು ಕೊಟ್ಟದ್ದನ್ನು ಎಡಗೈಲಿ ತೆಗೆದುಕೊಳ್ಳುವುದು ಹೇಗೆ? ತಲೆ ಹೇಳುತ್ತಿತ್ತು, ಇದು ಆಟ, ತಗೋ ಎಂದು. ಕೈ ಕೇಳುತ್ತಿರಲಿಲ್ಲ, ಅರ್ಧದಲ್ಲೇ ನಿಂತು ಬಲಗೈಗೆ ದಾರಿ ಬಿಡುತ್ತಿತ್ತು. ಅಷ್ಟರಲ್ಲಿ ಕುಳ್ಳಪ್ಪ ತಗ್ಗಿನ ತಳದಲ್ಲಿರುತ್ತಿದ್ದ. ಕೊನೆಗೆ ಪ್ರಸಾದ ಇಸಿದುಕೊಳ್ಳುವಂತೆ ಎರಡೂ ಕೈ ಜೋಡಿಸಿ ಹಿಡಿದೆ. ನೋಡಿದರೆ ಅದೇ ಎಲ್ಲಕ್ಕಿಂತ ಚುರುಕು: ಎರಡು ಹೆಬ್ಬೆರಳೂ ನೇರ ಗುಂಡಿಗಳ ಮೇಲೆಯೇ ಬಂದು ಕೂರುತ್ತಿದ್ದವು. ಆ ಅಪ್ಪ-ಮಗಳಿಗೆ ಇದು ಹೊಳೆದಿರಲಿಕ್ಕಿಲ್ಲ ಎಂದು ಅಕ್ಕ ಬಹಳ ಹಿಗ್ಗಿದಳು.

ಅಲ್ಲಾಡುವ ಕಾಲಿಗೂ ಉಪಾಯವಾಯಿತು. ನನ್ನ ಮೊಣಕಾಲಿಗೂ ಅಕ್ಕನಿಗೂ ನಡುವೆ ಅವಳೊಂದು ತಲೆದಿಂಬು ಇಟ್ಟಳು. "ಎಷ್ಟರೆ ಅಲ್ಲಾಡಸು, ಅದು ತಡೀತದ."

ಅಂಚಿನ ಜಿಗಿತವನ್ನೂ ಅವಳೇ ಕಲಿಸಿದಳು, ಮಾತಿನಿಂದಲ್ಲ. ಒಂದು ಮಧ್ಯಾಹ್ನ ನಾನು ಬಿದ್ದು ಬಿದ್ದು ಹೈರಾಣಾಗಿ ಕೂತಾಗ, ಅಕ್ಕ ತನ್ನ ಮಂಡಿಯ ಮೇಲೆ ಅಂಗೈಯಿಂದ ರೊಟ್ಟಿ ಬಡಿಯುವ ತಾಳ ಹಾಕಿದಳು. ಬಡಿ, ಬಡಿ, ತಿರುವು. ಬಡಿ, ಬಡಿ, ತಿರುವು. "ಪರದಾ ನೋಡಬ್ಯಾಡ, ಇದನ್ನ ಕೇಳು. ತಿರುವು ಅಂದಾಗ ಒತ್ತು." ಅವ್ವನ ಕಾಲದಿಂದ ನಮ್ಮ ಕಿವಿಯಲ್ಲಿದ್ದ ತಾಳ ಅದು, ಒಲೆಯ ಮುಂದೆ ತಟ್ಟೆ ಹಿಡಿದು ಕೂತು ಮುಂದಿನ ರೊಟ್ಟಿ ಯಾವಾಗ ಬೀಳುತ್ತದೆಂದು ಕಾಯ್ದವನಿಗೆ ಅದು ತಪ್ಪುವುದಿಲ್ಲ. ಕುಳ್ಳಪ್ಪ ಓಡಿದ, ನೆಲ ಮುಗಿಯಿತು, ಅಕ್ಕ "ತಿರುವು" ಎಂದಳು, ಒತ್ತಿದೆ. ಆಚೆ ದಂಡೆಯಲ್ಲಿದ್ದ! ನಾನು ಎದ್ದು ನಿಂತು ಬಲಗಾಲಿನ ಚಪ್ಪಲಿಗಾಗಿ ಹುಡುಕಿದೆ; ಎಲ್ಲಿಗೆ ಹೊರಟಿದ್ದೆನೋ ಗೊತ್ತಿಲ್ಲ.

ಅಂತೂ ಆ ರವಿವಾರ ಬಸ್ಸು ಪಂಕ್ಚರಾಗಲಿಲ್ಲ. ಹುಮನಾಬಾದಿನಲ್ಲಿಳಿದು ಅಕ್ಕನ ಮನೆಗೆ ಹೋಗುವಷ್ಟರಲ್ಲಿ, ಪಕ್ಕದ ಮನೆಯ ರಜಿಯಾ ಬಾಜಿ ತಮ್ಮ ಇನ್ವರ್ಟರಿನಿಂದ ಕಿಟಕಿಯ ಮೂಲಕ ಒಂದು ವೈರು ಎಳೆದು ಕೊಟ್ಟಾಗಿತ್ತು. "ಕರೆಂಟಿನ ಫಿಕರ್ ಬಿಡ್ರಿ ಭಾಯಿ, ನೀವು ಕೂದ್ರಿ, ಕೂದ್ರಿ" ಎಂದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಅಕ್ಕನ ಗಂಡ, ನಮ್ಮ ಕಡೆ ಮಾವ ಎನ್ನುತ್ತೇವೆ, ಕೈಗಳು ಕಾಣುವಂತೆ ಫೋನು ಹಿಡಿದು ಚಿತ್ರ ತೆಗೆಯಬೇಕಿತ್ತು.

"ವಯಸ್ಸಾದ ಮ್ಯಾಲೆ ಜನ ಕಾಶಿಗೆ ಹೋಗ್ತಾರ" ಎಂದರು ಮಾವ. "ನಿಮ್ಮಕ್ಕ ಹತ್ತನೇ ಕೋಟಿಗೆ ಹೊಂಟಾಳ."

"ನೀವು ಬಾಯಿ ಮುಚ್ಚಿ ಫೋನ್ ಹಿಡೀರಿ. ನಿಮ್ಮ ಮಾತೆಲ್ಲ ಅದರಾಗ ಬರ್ತದ" ಎಂದಳು ಅಕ್ಕ.

ಮಾವ ಸ್ವಲ್ಪ ಹೊತ್ತು ಹಿಡಿದರು. ಕೈ ನಡುಗುತ್ತದೆಂದು ಅತ್ತಿತ್ತ ನೋಡಿ, ಒಂದು ತಲೆದಿಂಬು ಎಳೆದುಕೊಂಡು, ಸ್ಟೂಲಿನ ಮೇಲಿಟ್ಟು, ಅದಕ್ಕೆ ಫೋನು ಒರಗಿಸಿ ಆರಾಮಾಗಿ ಕೂತರು. ಅದು ಯಾವ ತಲೆದಿಂಬು ಎಂದು ಆಗ ಯಾರೂ ನೋಡಲಿಲ್ಲ.

ಆಟ ಶುರುವಾಯಿತು. ನನಗೆ ನೆನಪಿರುವುದು ಬರೀ ಕೈಗಳು. ಅಕ್ಕ ಓಡಿಸುತ್ತಾಳೆ, ಹಾರಿಸುತ್ತಾಳೆ, "ತಗ್ಗು ಬಂತು, ಹಿಡಿ" ಎನ್ನುತ್ತಾಳೆ, ನಾನು ಎರಡೂ ಕೈಲಿ ಇಸಿದುಕೊಳ್ಳುತ್ತೇನೆ, ದಾಟಿಸುತ್ತೇನೆ, ವಾಪಸು ಕೊಡುತ್ತೇನೆ. ಒಮ್ಮೆ ಅವಳ ಹೆಬ್ಬೆರಳು ಕಚ್ಚಿಕೊಂಡಿತು. ಅವಳು ಮುಖ ಕಿವುಚಿ, ಮಂಡಿಗೆ ಒತ್ತಿ ಅದನ್ನು ಟಕ್ಕೆನಿಸಿ ಮತ್ತೆ ಓಡಿಸಿದಳು. ಕುಳ್ಳಪ್ಪನಿಗೆ ಗೊತ್ತೇ ಆಗಲಿಲ್ಲ. ಬಾವಲಿಯಿಂದ ಪೆಟ್ಟು ತಿಂದು ಹಾರಿದೆ, ಗೋಡೆಯಿಂದ ಗೋಡೆಗೆ ಚಿಮ್ಮಿದೆ. ಒಂಬತ್ತನೇ ಕೋಟೆ ದಾಟುವಾಗ ಮಾವ ಪರದೆಯ ಮೂಲೆಯ ಗಡಿಯಾರದ ಕಡೆ ಬೆರಳು ಮಾಡಿ ತೋರಿಸಿದರು. ನಾವು ಅಪ್ಪ-ಮಗಳಿಗಿಂತ ಮುಂದಿದ್ದೆವು.

ದೊಡ್ಡ ತಗ್ಗು ಬಂತು. ಅಕ್ಕ ಕೊಟ್ಟಳು, ಹಿಡಿದೆ. ಅವಳ ಅಂಗೈ ಮಂಡಿಯ ಮೇಲೆ ಬಡಿ ಬಡಿ ಎಂದಿತು. ನೆಲ ಮುಗಿಯಿತು. ಜೀವಮಾನದಲ್ಲೇ ಮೊದಲ ಸಲ ನನ್ನ ಎಡಗಾಲು ಕಲ್ಲಿನಂತೆ ನಿಂತಿತ್ತು. ತಿರುವು. ಒತ್ತಿದೆ.

ಕುಳ್ಳಪ್ಪ ಕೊಡೆ ಬಿಚ್ಚಿಕೊಂಡು ಇಡೀ ಪರದೆಯನ್ನು ಹಾಯ್ದು ಆಚೆ ದಂಡೆಗೆ ಇಳಿದ.

"ಯಾ ಅಲ್ಲಾ!" ಎಂದರು ರಜಿಯಾ ಬಾಜಿ. ಇನ್ನು ಉಳಿದದ್ದು ಗೇಣುದ್ದದ ಒಂದು ತಗ್ಗು, ಅದರಾಚೆ ಬಾಗಿಲು. ಅಂಥ ತಗ್ಗನ್ನು ನಾನು ಹತ್ತು ವರ್ಷದವನಿದ್ದಾಗಲೂ ಅಕ್ಕನಿಗೆ ಕೊಡದೆ ದಾಟಿಸುತ್ತಿದ್ದೆನೇನೋ. ಭಯ ಇಳಿಯಿತು. ಭಯ ಇಳಿದದ್ದೇ ತಡ, ನಿಂತಿದ್ದ ಕಾಲು ತನ್ನ ಕೆಲಸ ನೆನಪಿಸಿಕೊಂಡಿತು. ನಡುವೆ ತಡೆಯುವ ತಲೆದಿಂಬು ಸ್ಟೂಲಿನ ಮೇಲೆ ಫೋನು ಹೊತ್ತು ಕೂತಿತ್ತು. ನನ್ನ ಪಾದ ಹೋಗಿ ಅಕ್ಕನ ಮಂಡಿಗೆ ಬಡಿಯಿತು.

ಆಮೇಲೆ ನಡೆದದ್ದು ಚಿತ್ರದಲ್ಲಿ ಬಹಳ ಸ್ಪಷ್ಟವಾಗಿ ಬಂದಿದೆ. ನನ್ನ ಬಲಗೈ ರಿಮೋಟು ಬಿಟ್ಟು, ಅಕ್ಕನ ಮಂಡಿ ಮುಟ್ಟಿ, ಕಣ್ಣಿಗೊತ್ತಿಕೊಳ್ಳುತ್ತದೆ. ನಾನು ಕಳಿಸಲಿಲ್ಲ, ಅದು ತಾನೇ ಹೋಯಿತು. ನನ್ನ ಎಡಗೈಯಿಂದ ಜಾರಿ ಬೀಳುತ್ತಿದ್ದ ರಿಮೋಟನ್ನು ಅಕ್ಕ ಹಿಡಿಯಬಹುದಿತ್ತು, ಅವಳ ಕೈ ಅಲ್ಲೇ ಇತ್ತು. ಆದರೆ ತಮ್ಮ ಕಾಲು ಮುಟ್ಟಿದಾಗ ಅಕ್ಕನ ಕೈಗೂ ಬೇರೆ ಕೆಲಸವಿರುತ್ತದಲ್ಲ. ಅದು ಮೇಲೆದ್ದು ನನ್ನ ಬೋಳು ತಲೆಯ ಮೇಲೆ ಕೂತಿತು.

"ನೂರು ವರ್ಷ ಬಾಳಪಾ" ಎಂದಳು ಅಕ್ಕ.

ಕುಳ್ಳಪ್ಪ ಓಡುತ್ತಿದ್ದ ರಭಸಕ್ಕೆ ಹಾಗೇ ಜಾರುತ್ತ ಹೋಗಿ ಗೇಣುದ್ದದ ತಗ್ಗಿನಲ್ಲಿ ಬಿದ್ದ.

ಬಿದ್ದವನನ್ನು ಆಟ ದೊಡ್ಡ ತಗ್ಗಿನ ಈಚೆಗೇ ತಂದು ನಿಲ್ಲಿಸಿತು. ಮತ್ತೊಮ್ಮೆ ದಾಟಿದೆವು, ಬಾಗಿಲು ಮುಟ್ಟಿದೆವು. ಕುಳ್ಳಪ್ಪ ಕೊಡೆ ಮಡಚಿಟ್ಟು ಕೂತ. ಅಷ್ಟರಲ್ಲಿ ಅಪ್ಪ-ಮಗಳ ಹೊತ್ತು ದಾಟಿಹೋಗಿತ್ತು. ಅಕ್ಕ ಪರದೆಯನ್ನು ನೋಡಿದಳು, ತನ್ನ ಹೆಬ್ಬೆರಳನ್ನು ನೋಡಿದಳು, ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ನಗೆಯದು ಎಂದು ನಾನು ಕೇಳಲಿಲ್ಲ. "ಕಳಸು, ಇದನ್ನೇ ಕಳಸು" ಎಂದಳು.

ಕಳಿಸಿದೆವು. ಪಟ್ಟಿಯಲ್ಲಿ ನಾವು ಇವತ್ತಿಗೂ ಎಲ್ಲರಿಗಿಂತ ಕೆಳಗೇ ಇದ್ದೇವೆ. ಚಿತ್ರ ನೋಡಿ ಒಪ್ಪಿಗೆ ಕೊಡುವವರು, ಕೊನೆಯ ತಗ್ಗಿನಲ್ಲಿ ಇಬ್ಬರೂ ಒಟ್ಟಿಗೆ ಕೈಬಿಟ್ಟದ್ದು ಯಾವ ವಿಧಾನ ಎಂದು ಕೇಳಿದ್ದರು. ನಾನು ಉತ್ತರ ಬರೆಯಲು ಕೂತು, ಹೇಗೆ ವಿವರಿಸಲಿ ಎಂದು ಎರಡು ದಿನ ಚಿಂತೆ ಮಾಡಿದೆ. ಕೈಗೆ ಪಟ್ಟಿ ಸುತ್ತಿಕೊಂಡಿದ್ದ ಅಕ್ಕ ಫೋನಿನಲ್ಲೇ ಹೇಳಿದಳು: "ನಮ್ಮ ಕಡೆ ಹಂಗೇ ಅಂತ ಬರಿ. ಸಾಕು."

ಈಗ ಕೂತು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಕರೆಂಟು ಹೋಗಲಿಲ್ಲ, ಬಾಜಿಯ ವೈರು ಬೇಕಾಗಲೇ ಇಲ್ಲ. ಟೀವಿ ಕೆಡಲಿಲ್ಲ. ಬೀಗರು ಯಾರೂ ಕರೆ ಮಾಡಲಿಲ್ಲ. ಸೀನು ಬರಲಿಲ್ಲ, ಬೆಕ್ಕೂ ಬರಲಿಲ್ಲ. ಹೆಬ್ಬೆರಳು ಕಚ್ಚಿದರೂ ಬಿಟ್ಟಿತು. ಅಂಚಿನ ಜಿಗಿತ ತಪ್ಪಲಿಲ್ಲ, ಒಂದಲ್ಲ ಎರಡು ಸಲ ಕೈಗೂಡಿತು. ಸೋಮವಾರದ ಆಪರೇಷನ್ನೂ ಸಸೂತ್ರವಾಯಿತು. ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ.

ಅಕ್ಕನಿಗೆ ನನ್ನ ಕಾಲು ತಾಗಿತು, ಅಷ್ಟೇ.